ಕುದುರೆ ಸವಾರರ ಐದು ವಸ್ತಿ

ಕುರ್ಲಾ

ಮೂವತ್ತು ವರ್ಷ ಕುದುರೆಗಳ ಕಾಲು ಹಿಡಿದು ಹೊಟ್ಟೆ ಹೊರೆದವನು ನಾನು. ಅವುಗಳ ಬೆನ್ನು ಹತ್ತಿದ್ದು ಮಾತ್ರ ನಲವತ್ತಾರನೆಯ ವಯಸ್ಸಿನಲ್ಲಿ, ಅದೂ ಕಡಲಾಚೆಯ ವೇಲ್ಸ್ ಎಂಬ ಸೀಮೆಯಲ್ಲಿ. ಅಲ್ಲಿ ಮಂದಿ ಕುದುರೆ ಹತ್ತಿ ದಿನವಿಡೀ ಗುಡ್ಡ ಸುತ್ತುತ್ತಾರೆ, ಸಂಜೆಯಾದರೆ ಯಾರದೋ ಹೊಲಮನೆಯಲ್ಲಿ ಉಂಡು ವಸ್ತಿ ಮಾಡುತ್ತಾರೆ. ಇದಕ್ಕೆ ಅವರು ರಜೆ ಎನ್ನುತ್ತಾರೆ. ನಮ್ಮ ಕಡೆ ಕುರಿಗಾರರು ವರ್ಷವಿಡೀ ಮಾಡುವುದು ಇದನ್ನೇ. ಅದನ್ನು ಯಾರೂ ರಜೆ ಎಂದದ್ದಿಲ್ಲ.

ನಮ್ಮದು ಬಾದಾಮಿ ಕಡೆಯ ಕಮ್ಮಾರರ ಮನೆತನ. ಅಪ್ಪ ಸಂತೆಯಿಂದ ಸಂತೆಗೆ ಹೋಗಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ. ನಾನು ಹದಿನಾರಕ್ಕೆ ಮುಂಬಯಿ ಸೇರಿದೆ. ಕುರ್ಲಾದ ತಬೇಲಾದಲ್ಲಿ, ಅಂದರೆ ಕುದುರೆ ಲಾಯದಲ್ಲಿ, ವಿಕ್ಟೋರಿಯಾ ಗಾಡಿ ಎಳೆಯುವ ಕುದುರೆಗಳಿಗೆ ಲಾಳ ಹೊಡೆಯುವುದನ್ನು ಕಲಿತೆ. ಮುಂದೆ ಆ ಸಾಲಿನಲ್ಲಿ ಕುಂಟುವ ಕುದುರೆ ಯಾವುದಿದ್ದರೂ "ಮೌನೇಶ್ ಉಸ್ತಾದನ ಹತ್ರ ಒಯ್ರಿ" ಎನ್ನುವಷ್ಟು ಹೆಸರು ಮಾಡಿದೆ. ಇದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತೇನೆ. ಮುಂದೆ ನಾಚಿಕೆಪಡುವ ಸಂಗತಿಯೂ ಬರುವುದರಿಂದ ಎರಡೂ ಸರಿಹೋಗುತ್ತವೆ.

ಎಪ್ಪತ್ತರ ದಶಕದ ಮಾತು. ನಮ್ಮ ತಬೇಲಾಕ್ಕೆ ವಾರಕ್ಕೊಮ್ಮೆ ಗ್ವೆನ್ ಎಂಬ ದನದ ಡಾಕ್ಟರು ಬರುತ್ತಿದ್ದರು. ವೇಲ್ಸಿನ ಹೆಣ್ಣುಮಗಳು, ಎರಡು ವರ್ಷಕ್ಕೆಂದು ಮುಂಬಯಿಗೆ ಬಂದವರು. ಕುದುರೆಯವರ ಜೊತೆ ಜಗಳ ಆಡಿ ಆಡಿಯೇ ಹಿಂದಿ ಕಲಿತಿದ್ದರು. ನಾವು ಅವರನ್ನು ಡಾಕ್ಟರ್‌ಬಾಯಿ ಎನ್ನುತ್ತಿದ್ದೆವು. ಊರಿಗೆ ಹಿಂತಿರುಗಿದ ಮರುವರ್ಷ ಅವರಿಂದ ಕಾಗದ ಬಂತು. ಅವರ ಸೋದರಮಾವ ಎಮ್ರಿಸ್ ಬೇಸಿಗೆಯಲ್ಲಿ ಪ್ರವಾಸಿಗಳನ್ನು ಕುದುರೆ ಮೇಲೆ ಗುಡ್ಡ ಸುತ್ತಿಸುತ್ತಾನಂತೆ. ನಾನು ಎರಡು ತಿಂಗಳ ಮಟ್ಟಿಗೆ ಅಲ್ಲಿಗೆ ಬಂದು ಅವರ ಕೈಕೆಲಸ ನೋಡಬಹುದಂತೆ, ನನ್ನದನ್ನು ಅವರಿಗೆ ತೋರಿಸಬಹುದಂತೆ. ಟಿಕೆಟ್ಟು ಅವರ ಕಡೆಯವರೇ ಕಳಿಸಿದರು.

ನನ್ನ ಹೆಂಡತಿ ಕಾಳವ್ವ ಕಾಗದವನ್ನು ಎರಡು ಸಲ ಓದಿಸಿಕೊಂಡಳು.

"ಕಾಲ ಹಿಡಿಯೂದ ಬಿಟ್ಟು ಬೆನ್ನ ಮ್ಯಾಲ ಕುಂದ್ರಾಕ ಹೊಂಟೀರಿ. ಬಿದ್ರ ಎತ್ತಾಕ ಅಲ್ಲಿ ಯಾರದಾರ?" ಎಂದಳು.

"ನಾ ಬೀಳಂಗಿಲ್ಲ ಬಿಡು."

"ಬೀಳಂಗಿಲ್ಲ ಅನ್ನಾವ್ರ ಮೊದಲ ಬೀಳತಾರ," ಎಂದವಳೇ ಜೋಳದ ಹಿಟ್ಟು ನಾದಲು ಕೂತಳು. ಬಡಿದು, ಸುಟ್ಟು, ಚಾಳಿನ ಗ್ಯಾಲರಿಯಲ್ಲಿ ಒಣಗಿಸಿದ ಕಟಕ ರೊಟ್ಟಿ ಒಂದು ಡಬ್ಬಿ, ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಒಂದು ಡಬ್ಬಿ. ನನ್ನ ಸಾಮಾನಿನಲ್ಲಿ ಅರ್ಧ ಭಾರ ಅವುಗಳದೇ.

ಹೊರಟ ಬೆಳಿಗ್ಗೆ

ಎಮ್ರಿಸ್ ಅರವತ್ತರ ಆಸುಪಾಸಿನವನು. ಗಿಡ್ಡ, ಗಟ್ಟಿ, ಮಾತು ಕಡಿಮೆ. ಆ ಸೀಮೆಯಲ್ಲಿ ಅರ್ಧ ಊರಿಗೆ ಒಂದೇ ಅಡ್ಡಹೆಸರು. ಅದಕ್ಕಾಗಿ ಕಸುಬು ಸೇರಿಸಿ ಕರೆಯುತ್ತಾರೆ: ಹಾಲಿನ ಜೋನ್ಸ್, ಅಂಚೆ ಜೋನ್ಸ್, ಬ್ರೆಡ್ಡಿನ ಜೋನ್ಸ್. ನಮ್ಮ ಕಡೆ ಹೂಗಾರ, ಪತ್ತಾರ, ಬಡಿಗೇರ ಇದ್ದ ಹಾಗೆಯೇ. ಕಮ್ಮಾರನಿಗೆ ಅವರ ಭಾಷೆಯಲ್ಲಿ 'ಗೋವ್'. ಬಂದ ಮೂರನೆಯ ದಿನಕ್ಕೆ ನಾನು 'ಮೌನೇಶ್ ಗೋವ್' ಆದೆ. ಊರಲ್ಲಿಯೂ ನಾನು ಕಮ್ಮಾರ ಮೌನೇಶನೇ. ಅಷ್ಟು ದೂರ ಹೋಗಿಯೂ ಹೆಸರು ಬದಲಾಗಲಿಲ್ಲ.

ಮೂರು ವಾರ ಎಮ್ರಿಸನ ಕುಲುಮೆಯಲ್ಲಿ ಕೆಲಸ ಮಾಡಿದ ಮೇಲೆ ಅವನು, "ಈ ಸಲದ ಸವಾರಿಗೆ ನೀನೂ ಬಾ. ದಾರಿಯಲ್ಲಿ ಯಾವ ಲಾಳ ಬಿದ್ದರೂ ನೀನಿರುತ್ತೀ," ಎಂದ. ಎಂಟು ಕುದುರೆ. ಎಮ್ರಿಸ್, ಡಾಕ್ಟರ್‌ಬಾಯಿ, ನಾನು, ಐದು ಜನ ಅತಿಥಿಗಳು. ಅತಿಥಿಗಳಲ್ಲಿ ನೀವು ನೆನಪಿಡಬೇಕಾದವರು ಮಿಸ್ ಡೋರಾ ಒಬ್ಬರೇ. ಇಂಗ್ಲೆಂಡಿನ ಯಾವುದೋ ದೊಡ್ಡ ಊರಿನ ಶಾಲೆಯಲ್ಲಿ ಮೂವತ್ತೈದು ವರ್ಷ ಪಾಠ ಹೇಳಿ ಆ ವರ್ಷವೇ ನಿವೃತ್ತರಾದವರು. ಪ್ರತಿ ಬೇಸಿಗೆಗೂ ಅಲ್ಲಿಗೆ ಬಂದು ಸೆರೆನ್ ಎಂಬ ಬಿಳಿ ಹಣೆಚುಕ್ಕಿಯ ಹೆಣ್ಣುಕುದುರೆಯನ್ನೇ ಹತ್ತುತ್ತಿದ್ದರು. ಅವರು ಅಂಗಳಕ್ಕೆ ಬಂದರೆ ಸೆರೆನ್ ದೂರದಿಂದಲೇ ಕಿವಿ ನಿಮಿರಿಸುತ್ತಿತ್ತು.

ಹೊರಡುವ ಬೆಳಿಗ್ಗೆ ಸೆರೆನ್‌ನ ಎಡ ಮುಂಗಾಲಿನ ಲಾಳ ಅಲುಗುತ್ತಿತ್ತು. ಕಿತ್ತು, ಗೊರಸು ಸವರಿ, ಹೊಸದು ಇಟ್ಟೆ. ಅತಿಥಿಗಳೆಲ್ಲ ಸುತ್ತ ನಿಂತರು. ಮುಂಬಯಿಯಿಂದ ಬಂದವನು ಹೇಗೆ ಹೊಡೆಯುತ್ತಾನೆ ನೋಡೋಣ ಎಂದು ಒಬ್ಬರು ಕೈಗಡಿಯಾರ ಬಿಚ್ಚಿ ಹಿಡಿದರು. ನನಗೂ ಹುರುಪು ಬಂತು. ಎಂಟು ಮೊಳೆ, ಮೊಳೆಗೆ ಮೂರೇ ಏಟು, ಸರಸರ ಸರಸರ. ಚಪ್ಪಾಳೆ ಬಿತ್ತು. ನಾನು ಸುತ್ತಿಗೆಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಹಿಡಿದು ತೋರಿಸಿದೆ. ಎಮ್ರಿಸ್ ಚಪ್ಪಾಳೆ ತಟ್ಟಲಿಲ್ಲ. ಅವನ ಸ್ವಭಾವವೇ ಹಾಗೆ ಎಂದುಕೊಂಡೆ.

ನನಗೆ ಕೊಟ್ಟ ಕುದುರೆ ಟಾಮ್, ಮುದುಕ. ಹತ್ತಿ ಕೂತೆ. ಟಾಮ್ ಹುಲ್ಲಿಗೆ ಬಾಯಿ ಹಾಕಲು ಕತ್ತು ಬಗ್ಗಿಸಿದ. ನಾನು ಆ ಕತ್ತಿನ ಮೇಲಿಂದ ಜಾರಿ ತುರಿಕೆ ಗಿಡಗಳ ನಡುವೆ ಇಳಿದೆ. ಬಿದ್ದೆ ಎನ್ನುವುದಿಲ್ಲ, ಇಳಿದೆ. ಎರಡನೆಯ ಸಲ ಲಗಾಮು ಬಿಗಿಹಿಡಿದು ಕೂತೆ. ಆಮೇಲೆ ತೊಂದರೆಯಾಗಲಿಲ್ಲ. ಕುರ್ಲಾದ ಲೋಕಲ್ ಬಾಗಿಲಲ್ಲಿ ಒಂದೇ ಕಾಲಿನ ಮೇಲೆ ಇಪ್ಪತ್ತು ವರ್ಷ ನೇತಾಡಿದವನಿಗೆ ಕಾಲೂರಲು ಎರಡು ರಿಕಾಪು ಕೊಟ್ಟರೆ ಅದು ಫಸ್ಟ್ ಕ್ಲಾಸು.

ಮೊದಲ ವಸ್ತಿ: ಮಿಸೆಸ್ ಪ್ರೈಸ್ ಮನೆ

ಸಂಜೆ ಕುದುರೆಯಿಂದ ಇಳಿದಾಗ ಕಾಲುಗಳು ನನ್ನವಾಗಿರಲಿಲ್ಲ. ಅತಿಥಿಗಳೂ ಹಾಗೇ ಬಿಲ್ಲಿನಂತೆ ಬಾಗಿ ನಡೆಯುತ್ತಿದ್ದುದರಿಂದ ಯಾರೂ ಯಾರನ್ನೂ ನೋಡಿ ನಗಲಿಲ್ಲ. ಅಲ್ಲಿಯ ಪದ್ಧತಿ ಏನೆಂದರೆ, ಮೊದಲು ಕುದುರೆಗಳಿಗೆ ನೀರು, ಮೇವು, ಮಾಲೀಸು. ಆಮೇಲೆಯೇ ಮನುಷ್ಯರ ಊಟ. ಡಾಕ್ಟರಾಗಲಿ ಬ್ಯಾಂಕಿನವರಾಗಲಿ, ತಮ್ಮ ಕುದುರೆಯನ್ನು ತಾವೇ ಉಜ್ಜಬೇಕು. ಇದು ನನಗೆ ಬಹಳ ಹಿಡಿಸಿತು. ಮುಂಬಯಿಯಲ್ಲಿ ಕುದುರೆ ಹತ್ತುವವನು ಒಬ್ಬ, ಉಜ್ಜುವವನು ಇನ್ನೊಬ್ಬ. ಅವರಿಬ್ಬರೂ ಒಂದೇ ಮೇಜಿಗೆ ಕೂತದ್ದನ್ನು ನಾನು ಕಂಡಿಲ್ಲ.

ಇಲ್ಲಿ ನನ್ನನ್ನು ಅತಿಥಿಗಳ ನಡುವೆಯೇ ಕೂರಿಸಿದರು. ಮನೆಯೊಡತಿ ಮಿಸೆಸ್ ಪ್ರೈಸ್ ಕೆಂಪು ಕೆನ್ನೆಯ ಗಟ್ಟಿ ಹೆಂಗಸು. ನಾನು ಮಾಂಸ ತಿನ್ನುವುದಿಲ್ಲ ಎಂದು ಡಾಕ್ಟರ್‌ಬಾಯಿ ಮೊದಲೇ ಫೋನು ಮಾಡಿದ್ದರು. ಅದಕ್ಕಾಗಿ ಆಕೆ ನನಗೊಬ್ಬನಿಗೇ ಪುಸ್ತಕ ನೋಡಿ 'ಇಂಡಿಯನ್ ಕರಿ' ಮಾಡಿದ್ದರು. ಅನ್ನದ ಮೇಲೆ ಹಳದಿ ಗಂಜಿ. ಅದರೊಳಗೆ ಸೇಬಿನ ಹೋಳು, ಒಣದ್ರಾಕ್ಷಿ. ಇಡೀ ಮೇಜು ನನ್ನ ಮುಖವನ್ನೇ ನೋಡುತ್ತಿತ್ತು.

"ಹೇಗಿದೆ? ನಿಮ್ಮ ಮನೆಯಲ್ಲಿ ಮಾಡಿದ ಹಾಗೇ ಇದೆಯಾ?" ಎಂದು ಮಿಸೆಸ್ ಪ್ರೈಸ್ ಕೇಳಿದರು.

"ನಮ್ಮ ಮನೆಯಲ್ಲಿ ಇಂಥದ್ದು ಮಾಡುವುದೇ ಇಲ್ಲ," ಎಂದೆ. ಸುಳ್ಳಲ್ಲ. ಆಕೆ ಅದನ್ನು ಹೊಗಳಿಕೆ ಎಂದುಕೊಂಡು ಇನ್ನೊಂದು ಸೌಟು ಬಡಿಸಿದರು.

ಮಲಗುವ ಕೋಣೆ ಕುರ್ಲಾದ ನಮ್ಮ ಮನೆಯಷ್ಟೇ ದೊಡ್ಡದು. ನಾವು ಅಲ್ಲಿ ಆರು ಜನ, ಇಲ್ಲಿ ನಾನೊಬ್ಬ. ಹಾಸಿಗೆಯೊಳಗೆ ಕಾಲು ಚಾಚಿದೆ. ಮೆತ್ತಗೆ, ಬೆಚ್ಚಗೆ ಏನೋ ಪಾದಕ್ಕೆ ತಾಗಿ ಗುಳುಗುಳು ಎಂದಿತು. ಬೆಕ್ಕು ಮರಿ ಹಾಕಿದೆ ಎಂದು ಹಾರಿ ಕೆಳಗೆ ನಿಂತೆ. ದೀಪ ಹಚ್ಚಿ ನೋಡಿದರೆ ಬಿಸಿನೀರು ತುಂಬಿದ ರಬ್ಬರಿನ ಚೀಲ! ಹಾಸಿಗೆ ಬೆಚ್ಚಗಿರಲೆಂದು ಇಟ್ಟಿದ್ದರು. ಮತ್ತೆ ಮಲಗಿದೆ. ಆ ಹಾಸಿಗೆಯೋ, ಹೊಳೆಯ ಕೆಸರಿನಂತೆ ನನ್ನನ್ನು ಒಳಗೆಳೆಯತೊಡಗಿತು. ಕಮ್ಮಾರನ ಬೆನ್ನಿಗೆ ಅದು ಆಗಿಬರಲಿಲ್ಲ. ಕಂಬಳಿ ಎಳೆದುಕೊಂಡು ನೆಲದ ಮೇಲೆ ಮಲಗಿ ಸುಖವಾಗಿ ನಿದ್ದೆ ಹೋದೆ.

ಬೆಳಿಗ್ಗೆ ಮಿಸೆಸ್ ಪ್ರೈಸ್ ಚಹಾ ತಂದವರು ಖಾಲಿ ಹಾಸಿಗೆಯನ್ನೂ ನೆಲದ ಮೇಲಿದ್ದ ಕಂಬಳಿಯನ್ನೂ ನೋಡಿದರು. ಚಹಾ ಇಟ್ಟು ಹೊರಟರು. ಆದರೆ ತಿಂಡಿಯ ಹೊತ್ತಿನಲ್ಲಿ ನನ್ನ ತಟ್ಟೆ ಮಾತ್ರ ಠಕ್ ಎಂದು ಮೇಜಿಗೆ ಬಂತು. ಡಾಕ್ಟರ್‌ಬಾಯಿ ನನ್ನ ಕಿವಿಯಲ್ಲಿ, "ಮೌನೇಶ್‌ಜಿ, ಹಾಸಿಗೆ ಗಲೀಜಾಗಿತ್ತು ಅಂತ ನೀವು ಮಲಗಲಿಲ್ಲ ಎಂದುಕೊಂಡಿದ್ದಾರೆ. ಅವರಿಗೆ ಅಳುವೇ ಬಂದಿದೆ," ಎಂದರು.

ಒಬ್ಬರ ಮನೆಯ ಹಾಸಿಗೆ ಬೇಡವೆನ್ನುವುದು ಊಟ ಬೇಡವೆಂದಷ್ಟೇ ದೊಡ್ಡದೆಂದು ನನಗೆ ಹೊಳೆದಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ನನ್ನ ಬೆನ್ನನ್ನು ಮುಷ್ಟಿಯಿಂದ ಗುದ್ದಿ ತೋರಿಸಿ, "ಬೆಡ್ ವೆರಿ ಗುಡ್. ಬ್ಯಾಕ್ ವೆರಿ ಬ್ಯಾಡ್," ಎಂದೆ. ಆಕೆ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. ಹೊರಡುವಾಗ ಎರಡು ಬೇಯಿಸಿದ ಆಲೂಗಡ್ಡೆಗಳನ್ನು ಕಾಗದದಲ್ಲಿ ಸುತ್ತಿ ನನ್ನ ಜೇಬಿಗೆ ತುರುಕಿದರು.

ಎರಡನೆಯ ವಸ್ತಿ: ಅಜ್ಜಿಯ ಹಂಚು

ಆ ಸೀಮೆಯಲ್ಲಿ ಸುದ್ದಿ ಕುದುರೆಗಿಂತ ಮುಂದೆ ಓಡುತ್ತದೆ. ಮರುದಿನ ಸಂಜೆ ನಾವು ಸೇರಿದ ಮನೆಯಲ್ಲಿ ನನ್ನ ಕೋಣೆಯ ಮಂಚದ ಹಾಸಿಗೆ ತೆಗೆದು ಕೊಟ್ಟಿಗೆಯ ಹಳೆಯ ಬಾಗಿಲೊಂದನ್ನು ಹಾಸಿದ್ದರು. ಅದರ ಮೇಲೊಂದು ಕಂಬಳಿ. ಮಿಸೆಸ್ ಪ್ರೈಸ್ ಫೋನು ಮಾಡಿದ್ದರಂತೆ.

ಆ ಮನೆಯಲ್ಲಿ ಎಂಬತ್ತೈದರ ಒಬ್ಬ ಅಜ್ಜಿ ಇದ್ದಳು. ಎಲ್ಲರೂ ಅವಳನ್ನು 'ನೈನ್' ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಜ್ಜಿಗೆ ಅದೇ ಮಾತು. ಒಲೆಯ ಪಕ್ಕದ ಕುರ್ಚಿ ಅವಳದು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವಳು ಮೊಮ್ಮಕ್ಕಳನ್ನು ಅಲ್ಲಿಯ ಭಾಷೆ ವೆಲ್ಷ್‌ನಲ್ಲಿ ಕೇಳಿದರೆ ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿರುವ ನನ್ನ ತಂಗಿಯ ಮನೆಯಲ್ಲೂ ಇದೇ ಕಥೆ. ತಾಯಿ "ಉಂಡ್ಯೇನೋ?" ಎಂದರೆ ಮಗ ಹಿಂದಿಯಲ್ಲಿ "ಖಾ ಲಿಯಾ" ಎನ್ನುತ್ತಾನೆ.

ರಾತ್ರಿಯೂಟಕ್ಕೆ ಕುರಿಮರಿಯ ಸಾರು. ನನಗೆ ಬೆಣ್ಣೆ, ಗಿಣ್ಣು, ಬ್ರೆಡ್ಡು. ಮೂರು ವಾರಗಳಿಂದ ಬ್ರೆಡ್ಡು ತಿಂದು ಬೇಸತ್ತಿದ್ದ ನಾನು ಡಬ್ಬಿ ತೆರೆದು ಒಂದು ರೊಟ್ಟಿ ತೆಗೆದೆ. ಕಟುಕ್ ಎಂದು ಮುರಿದೆ. ಆ ಸದ್ದಿಗೆ ಅಜ್ಜಿ ತಿರುಗಿದಳು. ಕೈಚಾಚಿ ಏನೋ ಅಂದಳು.

"ನಿಮ್ಮ ಕೈಯಲ್ಲಿರುವುದನ್ನು ಕೊಡಬೇಕಂತೆ," ಎಂದರು ಡಾಕ್ಟರ್‌ಬಾಯಿ.

ಕೊಟ್ಟೆ. ಅಜ್ಜಿ ಮೂಸಿದಳು, ಬೆಳಕಿಗೆ ಹಿಡಿದಳು, ಉಗುರಿನಿಂದ ತಟ್ಟಿ ಸದ್ದು ಕೇಳಿದಳು. ಆಮೇಲೆ ಸೊಸೆಯಿಂದ ಬಟ್ಟಲು ತುಂಬ ಮಜ್ಜಿಗೆ ತರಿಸಿದಳು. ರೊಟ್ಟಿಯನ್ನು ಅದರಲ್ಲಿ ಪುಡಿ ಮಾಡಿ, ನೆನೆಯಲು ಬಿಟ್ಟು, ಚಮಚದಿಂದ ತಿನ್ನತೊಡಗಿದಳು. ನಾನು ಬೆರಗಾಗಿ ನೋಡಿದೆ. ನಮ್ಮವ್ವ ಹಲ್ಲು ಹೋದ ಮೇಲೆ ಉಣ್ಣುತ್ತಿದ್ದದ್ದು ಹೀಗೆಯೇ.

ಆ ನಾಡಿನಲ್ಲಿ ಹಿಂದೆ ಓಟ್ಸ್ ಹಿಟ್ಟನ್ನು ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಸುಟ್ಟು, ಒಣಗಿಸಿಟ್ಟು, ಮಜ್ಜಿಗೆಯಲ್ಲಿ ಮುರಿದುಕೊಂಡು ತಿನ್ನುತ್ತಿದ್ದರಂತೆ. ಈಗ ಯಾರೂ ಮಾಡುವುದಿಲ್ಲ. ಸೊಸೆಗೆ ಬರುವುದಿಲ್ಲ, ಅಜ್ಜಿಯ ಕೈಗೆ ಶಕ್ತಿಯಿಲ್ಲ. ಬಟ್ಟಲು ಖಾಲಿಯಾದ ಮೇಲೆ ಅವಳು ಒಲೆಯ ಹಿಂದಿನಿಂದ ತನ್ನ ಹಂಚು ತರಿಸಿ ತೋರಿಸಿದಳು. ದುಂಡಗಿನ ಕಬ್ಬಿಣದ ಹಂಚು. ಅಂಚಿನಲ್ಲಿ ಸುತ್ತಿಗೆಯ ಗುರುತುಗಳು ಸಾಲಾಗಿ ಕೂತಿದ್ದವು. ಯಾರೋ ಒಬ್ಬ ಒಳ್ಳೆಯ ಕಮ್ಮಾರ ಅವಸರವಿಲ್ಲದೆ ಬಡಿದದ್ದು. ನಾನು ಆ ಗುರುತುಗಳ ಮೇಲೆ ಬೆರಳಾಡಿಸುವುದನ್ನು ನೋಡಿ ಅಜ್ಜಿ, "ಗೋವ್?" ಎಂದು ನನ್ನ ಎದೆಗೆ ಬೆರಳು ತೋರಿದಳು.

"ಗೋವ್," ಎಂದೆ.

ತನ್ನ ಎದೆ ಮುಟ್ಟಿಕೊಂಡು, ತನ್ನ ಅಪ್ಪನೂ ಗೋವ್ ಎಂದಳು. ಇಷ್ಟನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬೆಳಿಗ್ಗೆ ಹೊರಡುವಾಗ ನಾಲ್ಕು ರೊಟ್ಟಿ ಅವಳ ಮಡಿಲಿಗೆ ಹಾಕಿ ಬಂದೆ.

ಗುಡ್ಡದ ಮೇಲೆ

ಮೂರನೆಯ ದಿನ ದಾರಿ ದೊಡ್ಡ ಗುಡ್ಡದ ಮೇಲೆ ಹಾದು ಹೋಗುತ್ತಿತ್ತು. ಜಿನುಗು ಮಳೆ, ಕಾಲಿಟ್ಟಲ್ಲಿ ಕೆಸರು. ಮಧ್ಯಾಹ್ನದ ಹೊತ್ತಿಗೆ ಸೆರೆನ್ ತಲೆ ಏರಿಳಿಸುತ್ತಾ ನಡೆಯತೊಡಗಿತು. ಎಡ ಮುಂಗಾಲು ಊರಿದಾಗಲೆಲ್ಲ ತಲೆ ಮೇಲೆ, ಬಲಗಾಲಿಗೆ ಕೆಳಗೆ. ಅದನ್ನು ನೋಡಿದರೆ ಸಾಕು, ಕುಂಟು ಯಾವ ಕಾಲಿನದೆಂದು ಕುದುರೆಯವನಿಗೆ ತಿಳಿಯುತ್ತದೆ.

ಮಿಸ್ ಡೋರಾ ಕೂಡಲೇ ಇಳಿದರು. ಎಮ್ರಿಸ್ ಇಳಿದು ಗೊರಸು ಎತ್ತಿ ನೋಡಿ, "ಕಲ್ಲು ಒತ್ತಿರಬೇಕು," ಎಂದ. ನಾನು ಇಕ್ಕಳದಿಂದ ಗೊರಸನ್ನು ಸುತ್ತಲೂ ಒತ್ತುತ್ತಾ ಬಂದೆ. ಒಳಬದಿಯ ಮೂರನೆಯ ಮೊಳೆಯ ಹತ್ತಿರ ಒತ್ತಿದಾಗ ಸೆರೆನ್ ಕಾಲು ಕಿತ್ತುಕೊಂಡಿತು. ಆ ಮೊಳೆ ಎಳೆದು, ಉಳಿದವನ್ನೂ ಕಿತ್ತು ಲಾಳ ತೆಗೆದೆ. ಉಳಿದ ಮೊಳೆಗಳು ಒಣಗಿದ್ದವು. ಇದು ಒದ್ದೆಯಾಗಿತ್ತು, ಕಪ್ಪಗಿತ್ತು.

ತಿಳಿಯದವರಿಗೆ ಹೇಳುತ್ತೇನೆ. ಗೊರಸಿನ ಹೊರಗೋಡೆಗೆ ಜೀವವಿಲ್ಲ, ನಮ್ಮ ಉಗುರಿನ ಹಾಗೆ. ಒಳಗೆ ಜೀವವಿದೆ. ಮೊಳೆ ಆ ಗೋಡೆಯಲ್ಲೇ ಹೋಗಿ ಹೊರಗೆ ಬರಬೇಕು. ಕೂದಲೆಳೆಯಷ್ಟು ಒಳಗೆ ಸರಿದರೂ ಅದು ಜೀವವನ್ನು ಒತ್ತುತ್ತದೆ. ಮೊದಲ ದಿನ ಗೊತ್ತಾಗುವುದಿಲ್ಲ, ಮೂರನೆಯ ದಿನ ಕುದುರೆ ಕುಂಟುತ್ತದೆ. ಕೀವಾದರೆ ತಿಂಗಳು, ಧನುರ್ವಾಯು ಹಿಡಿದರೆ ಕುದುರೆಯೇ ಇಲ್ಲ. ಸರಿಯಾಗಿ ಹೋಗುವ ಮೊಳೆಗೆ ಒಂದು ಗಟ್ಟಿ ಸದ್ದಿದೆ, ಒಳಗೆ ಸರಿಯುವ ಮೊಳೆಗೆ ಮೆತ್ತನೆಯ ಸದ್ದು. ಲಾಳ ಹೊಡೆಯುವವನು ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಮೂವತ್ತು ವರ್ಷ ನಂಬಿದ್ದೆ. ಮೊನ್ನೆ ಮಾತ್ರ ಚಪ್ಪಾಳೆ ಗಿಟ್ಟಿಸುವ ಅವಸರದಲ್ಲಿ ನನ್ನ ಕಿವಿ ಎಲ್ಲೋ ಇತ್ತು.

ಮೊಳೆ ನನ್ನ ಮುಷ್ಟಿಯಲ್ಲಿತ್ತು, ಯಾರೂ ನೋಡಿರಲಿಲ್ಲ. ಕೈ ಸಡಿಲಿಸಿದರೆ ಹುಲ್ಲಿನಲ್ಲಿ ಬಿದ್ದು ಹೋಗುತ್ತಿತ್ತು. ಎಮ್ರಿಸ್ ತಾನಾಗಿಯೇ ಕಲ್ಲು ಎಂದಿದ್ದ. ನೆಪಗಳೂ ಸಾಲುಗಟ್ಟಿದವು: ಇಲ್ಲಿಯ ಮೊಳೆ ದಪ್ಪ, ಇಲ್ಲಿಯ ಗೊರಸು ಕೆಸರಿಗೆ ಮೆತ್ತಗಾದದ್ದು, ನಮ್ಮ ವಿಕ್ಟೋರಿಯಾ ಕುದುರೆಗಳ ಗೊರಸು ಕಲ್ಲಿನಂಥದ್ದು. ಎಲ್ಲವೂ ನಿಜವೇ. ಆದರೆ ಕಲ್ಲು ಎಂದು ತಿಳಿದರೆ ಅವರು ಸೆರೆನ್‌ಗೆ ಒಂದು ದಿನ ವಿಶ್ರಾಂತಿ ಕೊಟ್ಟು ಸುಮ್ಮನಾಗುತ್ತಿದ್ದರು. ಒಳಗೆ ಕೀವು ಕಟ್ಟುತ್ತಿತ್ತು.

ಮುಷ್ಟಿ ಬಿಚ್ಚಿ ಎಮ್ರಿಸನ ಮುಂದೆ ಹಿಡಿದೆ. "ಕಲ್ಲಲ್ಲ. ನನ್ನ ಮೊಳೆ. ತಪ್ಪು ನನ್ನದು," ಎಂದೆ. ಎಲ್ಲರಿಗೂ ಕೇಳುವಂತೆಯೇ ಎಂದೆ.

ಎಮ್ರಿಸ್ ಮೊಳೆ ತೆಗೆದುಕೊಂಡು ಮೂಸಿ ನೋಡಿದ. ಅದನ್ನು ತನ್ನ ಜೇಬಿಗೆ ಹಾಕಿಕೊಂಡ. ಆಮೇಲೆ, "ಉಳಿದ ಏಳು ಕುದುರೆಗಳಲ್ಲಿ ನೀನು ಹೊಡೆದದ್ದು ಎಷ್ಟು?" ಎಂದ.

"ನಾಲ್ಕು."

"ಈಗಲೇ ನೋಡು."

ಮಳೆಯಲ್ಲಿ, ಮೊನ್ನೆ ಚಪ್ಪಾಳೆ ತಟ್ಟಿದವರ ಎದುರಿಗೇ, ನಾಲ್ಕು ಕುದುರೆಗಳ ಕಾಲುಗಳನ್ನು ಒಂದೊಂದಾಗಿ ಎತ್ತಿ ಒತ್ತಿ ನೋಡಿದೆ. ಯಾವುದೂ ಅಲುಗಲಿಲ್ಲ. ನನ್ನ ಜೀವಮಾನದ ಅತಿ ಉದ್ದದ ಅರ್ಧ ಗಂಟೆ ಅದು.

ಹತ್ತಿರದಲ್ಲೇ ಕುರಿಗಾರರ ಕಲ್ಲಿನ ಗುಡಿಸಲೊಂದಿತ್ತು. ಸೆರೆನ್‌ನನ್ನು ಗುಡ್ಡದ ಕೆಳಗೆ ನಾವು ವಸ್ತಿ ಮಾಡಬೇಕಿದ್ದ ಮನೆಯವರೆಗೆ ನಾಲ್ಕು ಮೈಲಿ ಇಳಿಸುವುದು ಆಗದ ಮಾತು. "ನಾನು ಇದರ ಜೊತೆ ಇರುತ್ತೇನೆ. ನನ್ನ ಟಾಮ್ ಮಿಸ್ ಡೋರಾಗೆ ಇರಲಿ," ಎಂದೆ. ಮಿಸ್ ಡೋರಾ ನನ್ನ ಕಡೆ ನೋಡದೆ ಟಾಮ್ ಹತ್ತಿ ಹೋದರು.

ಮೂರು, ನಾಲ್ಕನೆಯ ವಸ್ತಿ: ಕುರಿಗಾರರ ಗುಡಿಸಲು

ಆ ನಾಡಿನಲ್ಲಿ ನನಗೆ ಅತಿ ಹೆಚ್ಚು ಒಗ್ಗಿದ ವಸ್ತಿ ಇದೇ. ಕಲ್ಲಿನ ಗೋಡೆ, ಮಣ್ಣಿನ ನೆಲ, ಮೂಲೆಯಲ್ಲಿ ಒಲೆ, ಒಲೆಗೆ ಕುರಿಗಾರರು ಕೂಡಿಟ್ಟ ಗುಡ್ಡದ ಒಣಮಣ್ಣಿನ ಹೆಂಟೆ, ಹುಲ್ಲುಬೇರು ಕೊಳೆತು ಆದ ಮಣ್ಣು. ಅದು ಬೆರಣಿಯ ಹಾಗೆ ನಿಧಾನವಾಗಿ ಉರಿಯುತ್ತದೆ, ವಾಸನೆಯೂ ಹೆಚ್ಚು ಕಡಿಮೆ ಅದೇ. ಅರ್ಧ ಗುಡಿಸಲು ಸೆರೆನ್‌ಗೆ, ಅರ್ಧ ನನಗೆ.

ಕೆಳಗಿನ ಮನೆಗೆ ಹೋದ ಡಾಕ್ಟರ್‌ಬಾಯಿ ಔಷಧಿ ಚೀಲ, ಬೂಸಾ, ಬಕೆಟ್ಟು ಹೇರಿಕೊಂಡು ಸಂಜೆ ವಾಪಸು ಬಂದರು. ಅಲ್ಲಿ ಬೇಸಿಗೆಯಲ್ಲಿ ಹತ್ತು ಗಂಟೆಯವರೆಗೂ ಬೆಳಕು ಇರುತ್ತದೆ. ಅವರು ಧನುರ್ವಾಯುವಿನ ಸೂಜಿ ಚುಚ್ಚಿದರು. ನಾನು ಮೊಳೆಯ ತೂತನ್ನು ಸ್ವಲ್ಪ ಅಗಲ ಮಾಡಿದೆ. ಎರಡು ಹನಿ ಕಪ್ಪು ನೀರು ಬಂತು. ಕೀವಾಗಿರಲಿಲ್ಲ.

"ಇವತ್ತೇ ತೆಗೆದದ್ದು ಒಳ್ಳೆಯದಾಯಿತು," ಎಂದರು ಡಾಕ್ಟರ್‌ಬಾಯಿ. ಸ್ವಲ್ಪ ತಡೆದು, "ಮೌನೇಶ್‌ಜಿ, ಕುರ್ಲಾದಲ್ಲಿ ಆಗಿದ್ದರೂ ಹೇಳುತ್ತಿದ್ದಿರಾ?" ಎಂದು ಕೇಳಿದರು.

"ಕುರ್ಲಾದಲ್ಲಿ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ ಬಾಯಿ. ಅಲ್ಲಿ ಈ ತಪ್ಪೇ ಆಗುತ್ತಿರಲಿಲ್ಲ," ಎಂದೆ. ಅವರು ನಕ್ಕು ಕುದುರೆ ಹತ್ತಿದರು.

ಎರಡು ತಾಸಿಗೊಮ್ಮೆ ಬಿಸಿನೀರಿಗೆ ಉಪ್ಪು ಹಾಕಿ ಗೊರಸು ನೆನೆಸುವುದು, ಬಿಸಿ ಬೂಸಾ ಕಟ್ಟುವುದು, ಇಷ್ಟೇ ಕೆಲಸ. ಸೆರೆನ್ ಶಾಂತವಾಗಿ ನಿಲ್ಲುತ್ತಿತ್ತು. ನಾನು ರೊಟ್ಟಿ ಮುರಿದರೆ ಮೂತಿ ಚಾಚುತ್ತಿತ್ತು. ಅದಕ್ಕೆ ರೊಟ್ಟಿ ಸೇರಿತು, ಹಿಂಡಿ ಸೇರಲಿಲ್ಲ, ಒಂದು ಸಲ ಮೂಸಿ ಸೀನಿ ನನ್ನ ಅಂಗಿಯೆಲ್ಲ ತೋಯಿಸಿತು.

ಮರುದಿನ ಬೆಳಿಗ್ಗೆ ಹೊರಗೆ ಬೂಟಿನ ಸದ್ದು. ಮಿಸ್ ಡೋರಾ! ಆ ದಿನ ಉಳಿದವರೆಲ್ಲ ಸರೋವರದ ಕಡೆ ಸವಾರಿ ಹೊರಟಿದ್ದರು. ಇವರು ಹೋಗದೆ, ಕೈಯಲ್ಲಿ ತೂಗುವ ಡಬ್ಬಿಯೊಂದಿಗೆ ನಾಲ್ಕು ಮೈಲಿ ಏರಿ ಬಂದಿದ್ದರು. ಉಸಿರು ಸುಧಾರಿಸಿಕೊಂಡು, ನನ್ನ ಎದುರಿಗೆ ನೆಟ್ಟಗೆ ನಿಂತು, "ನನಗೆ ನಿಮ್ಮ ಮೇಲೆ ಬಹಳ ಸಿಟ್ಟಿದೆ. ಅದು ನಿಮಗೆ ತಿಳಿದಿರಲಿ," ಎಂದರು. ಉಪ್ಪು ಈ ಕಡೆ ಕೊಡಿ ಎನ್ನುವ ದನಿಯಲ್ಲಿಯೇ. ನಮ್ಮ ತಬೇಲಾದಲ್ಲಿ ಸಿಟ್ಟು ಬಂದರೆ ಮೂರು ಓಣಿಗೆ ಕೇಳುತ್ತದೆ, ಮಧ್ಯಾಹ್ನಕ್ಕೆ ಮರೆತುಹೋಗುತ್ತದೆ. ಈ ತಣ್ಣನೆಯ ಸಿಟ್ಟು ನನಗೆ ಹೊಸದು.

"ತಿಳಿಯಿತು," ಎಂದೆ.

"ಸರಿ. ಈಗ ನಾನು ಏನು ಮಾಡಬೇಕು ಹೇಳಿ."

ಬಕೆಟ್ಟು ತೋರಿಸಿದೆ. ಆ ವಯಸ್ಸಿನಲ್ಲಿ ಮಣ್ಣಿನ ನೆಲದ ಮೇಲೆ ಮಂಡಿಯೂರಿ, ಸೆರೆನ್‌ನ ಕಾಲನ್ನು ಬಿಸಿನೀರಿನಲ್ಲಿ ಹಿಡಿದು ಕೂತರು. ಸಂಜೆಯವರೆಗೂ ಅಲ್ಲಿಯೇ ಇದ್ದರು. ಡಬ್ಬಿಯಲ್ಲಿ ಬಟಾಣಿಯ ಸಾರು. ಕೆಳಗಿನ ಮನೆಯವರು ಅದಕ್ಕೆ ಮೂಳೆ ಹಾಕದಂತೆ ಮಿಸ್ ಡೋರಾ ತಾವೇ ಒಲೆಯ ಬಳಿ ನಿಂತು ಕಾದರಂತೆ. ಸಿಟ್ಟಿದ್ದರೂ ಅದನ್ನು ಮರೆತಿರಲಿಲ್ಲ. ನಾನು ರೊಟ್ಟಿ ಕೊಟ್ಟೆ. ಸಾರಿನಲ್ಲಿ ಅದ್ದಿ ತಿಂದರು. ಹಿಂಡಿ ತಿಂದು ಕಣ್ಣಲ್ಲಿ ನೀರು ತಂದುಕೊಂಡು, ಇನ್ನಷ್ಟು ಹಾಕಿಸಿಕೊಂಡರು.

"ಶಾಲೆ ಮುಗಿಯಿತು," ಎಂದರು ಒಮ್ಮೆ. "ಇನ್ನು ಪಿಂಚಣಿಯ ದುಡ್ಡಿನಲ್ಲಿ ವರ್ಷ ವರ್ಷ ಬರುವುದು ನನ್ನಿಂದ ಆಗದು. ಇದು ಕೊನೆಯ ಸಲ. ಅದಕ್ಕೇ ಸಿಟ್ಟು."

ನೀರು ಆರಿತ್ತು. ಮತ್ತೆ ಕಾಯಿಸಲು ಇಟ್ಟೆ.

ಕೊನೆಯ ವಸ್ತಿ

ಐದನೆಯ ದಿನ ಸೆರೆನ್ ನಾಲ್ಕೂ ಕಾಲು ಸಮನಾಗಿ ಊರಿತು. ಲಾ‍ಳವಿಲ್ಲದ ಗೊರಸಿಗೆ ಗೋಣಿತಟ್ಟು ಸುತ್ತಿ, ಲಗಾಮು ಹಿಡಿದು, ನಾಲ್ಕು ಮೈಲಿಯನ್ನು ಮೂರು ತಾಸಿನಲ್ಲಿ ಇಳಿದೆ. ಕೆಳಗಿನ ಮನೆಯಲ್ಲಿ ಎಲ್ಲರೂ ಊಟದ ಮೇಜಿಗೆ ಕೂತಿದ್ದರು. ನನ್ನ ತಟ್ಟೆ ಇಟ್ಟು ಕಾದಿದ್ದರು. ಯಾರೂ ಗುಡ್ಡದ ಮಾತೆತ್ತಲಿಲ್ಲ. ಕೈಗಡಿಯಾರ ಹಿಡಿದಿದ್ದಾತ ಎದ್ದು ಆಲೂಗಡ್ಡೆಯ ಪಾತ್ರೆಯನ್ನು ನನ್ನ ಕಡೆ ಸರಿಸಿದ. ಕೊನೆಗೆ ಅನ್ನದ ಪಾಯಸ ಬಂತು. ಏಲಕ್ಕಿ ಇಲ್ಲದ, ಒಲೆಯೊಳಗಿಟ್ಟು ಮೇಲೆ ಕಂದು ಕೆನೆ ಕಟ್ಟಿಸಿದ ಪಾಯಸ. ಎರಡು ಸಲ ಹಾಕಿಸಿಕೊಂಡೆ.

ಮರುದಿನ ಮನೆಗೆ ಮರಳುವ ದಾರಿ ಒಂಬತ್ತು ಮೈಲಿ, ಎಲ್ಲ ಟಾರು ರಸ್ತೆ. ಲಾಳವಿಲ್ಲದೆ ಸೆರೆನ್ ಹೊರಡುವಂತಿರಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಎಮ್ರಿಸ್ ಮಿಸ್ ಡೋರಾ ಕಡೆ ತಿರುಗಿ, "ಪಕ್ಕದ ಹಳ್ಳಿಯಲ್ಲಿ ನನಗೆ ಗೊತ್ತಿರುವ ಗೋವ್ ಇದ್ದಾನೆ. ಕರೆಸಿದರೆ ಮಧ್ಯಾಹ್ನಕ್ಕೆ ಬರುತ್ತಾನೆ. ಸವಾರರು ನೀವು, ನೀವೇ ಹೇಳಿ," ಎಂದ. ನನ್ನ ಎದುರಿಗೇ ಕೇಳಿದ. ಕೇಳಬೇಕಾದದ್ದೇ. ನಾನಾಗಿದ್ದರೂ ಹಾಗೇ ಕೇಳುತ್ತಿದ್ದೆ.

ಮಿಸ್ ಡೋರಾ ನನ್ನ ಹತ್ತಿರ ಬಂದರು. "ಈ ಸಲ ಎಷ್ಟು ಮೊಳೆ?" ಎಂದರು.

"ಏಳು. ನೋವಾದ ಜಾಗ ಬಿಟ್ಟು."

"ಎಷ್ಟು ಹೊತ್ತು ಬೇಕು?"

"ಎಷ್ಟು ಬೇಕೋ ಅಷ್ಟು."

ಅವರು ಹೋಗಿ ಸೆರೆನ್‌ನ ತಲೆಯ ಹತ್ತಿರ ನಿಂತು ಲಗಾಮು ಹಿಡಿದರು. ಎಮ್ರಿಸ್ ಅತಿಥಿಗಳನ್ನೆಲ್ಲ ಚಹಾಕ್ಕೆಂದು ಒಳಗೆ ಕರೆದುಕೊಂಡು ಹೋದ.

ಗೊರಸನ್ನು ಮಂಡಿಗಳ ನಡುವೆ ಹಿಡಿದೆ. ಮೊದಲ ಮೊಳೆ ಇಟ್ಟೆ. ಒಂದು ಏಟು ಹೊಡೆದು ನಿಲ್ಲಿಸಿ ಕೇಳಿದೆ. ಇನ್ನೊಂದು ಹೊಡೆದು ಕೇಳಿದೆ. ಗಟ್ಟಿ ಸದ್ದು. ಎರಡನೆಯ ಮೊಳೆ ಸ್ವಲ್ಪ ಮೆತ್ತಗೆ ಕೇಳಿಸಿತು. ಎಳೆದು, ಮತ್ತೆ ಓರೆ ನೋಡಿ, ಮತ್ತೆ ಇಟ್ಟೆ. ಏಳು ಮೊಳೆಗೆ ಮುಕ್ಕಾಲು ಗಂಟೆ ಹಿಡಿಯಿತು. ಕುರ್ಲಾದ ತಬೇಲಾದಲ್ಲಿ ಹೊಸಬನೂ ಇಷ್ಟು ಹೊತ್ತು ಮಾಡುವುದಿಲ್ಲ. ಸೆರೆನ್ ಒಮ್ಮೆಯೂ ಕಾಲು ಕೀಳಲಿಲ್ಲ.

ಮಿಸ್ ಡೋರಾ ಹತ್ತಿದರು. ಎಲ್ಲರೂ ರಸ್ತೆಗೆ ಇಳಿದರು. ಎಮ್ರಿಸ್ ಟಾಮ್‌ನ ಲಗಾಮನ್ನು ನನ್ನ ಕಡೆ ಚಾಚಿದ.

"ಸ್ವಲ್ಪ ದೂರ ನಡೆದು ಬರುತ್ತೇನೆ," ಎಂದೆ.

ಅವನು ತಲೆಯಾಡಿಸಿ ಟಾಮ್‌ನನ್ನು ತನ್ನ ಜೊತೆ ಹಿಡಿದುಕೊಂಡ. ನಾನು ಸೆರೆನ್‌ನ ಹಿಂದೆ, ಟಾರಿನ ಮೇಲೆ ಬೀಳುವ ನಾಲ್ಕು ಸದ್ದುಗಳನ್ನು ಎಣಿಸುತ್ತಾ ಹೊರಟೆ. ಒಂದು, ಎರಡು, ಮೂರು, ನಾಲ್ಕು. ಏರು ಬಂತು, ಎಣಿಸಿದೆ. ಇಳಿಜಾರು ಬಂತು, ಎಣಿಸಿದೆ. ಮಿಸ್ ಡೋರಾ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಮುಂದೆ ಕೂತು ಏನೋ ಹಾಡಿಕೊಳ್ಳುತ್ತಿದ್ದರು. ಎರಡು ಮೈಲಿ ಕಳೆದರೂ ನಾಲ್ಕೂ ಸಮನಾಗಿಯೇ ಬೀಳುತ್ತಿದ್ದವು. ಎಣಿಕೆ ಬಿಟ್ಟೆ, ಟಾಮ್‌ನ ರಿಕಾಪಿಗೆ ಕಾಲಿಟ್ಟು ಹತ್ತಿದೆ.